ಸಪ್ತಾಪುರದ ಮೆಸ್ಸಿನಲ್ಲಿ ನಾಲ್ಕನೆಯವಳು

ಧಾರವಾಡದ ಸಪ್ತಾಪುರದಲ್ಲಿ, ಒಂದು ಕೋಚಿಂಗ್ ಕ್ಲಾಸಿಗೂ ಒಂದು ಜೆರಾಕ್ಸ್ ಅಂಗಡಿಗೂ ನಡುವೆ, ನಾನು ಏಳು ತಿಂಗಳಿಂದ ಊಟ ಮಾಡುತ್ತಿರುವ ಮೆಸ್ ಇದೆ. ಅದಕ್ಕೆ ಹೆಸರಿಲ್ಲ. ಹಳದಿ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ‘ಮೆಸ್’ ಎಂಬ ಒಂದೇ ಪದ; ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ರೊಟ್ಟಿ ಊಟ ಸಿಗುತ್ತದೆ, ಡಬ್ಬಿ ಕೊಡಲಾಗುತ್ತದೆ’. ನಡೆಸುವವರನ್ನು ಹುಡುಗರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ಚಿಕ್ಕವರು, ನನ್ನನ್ನು ಅಕ್ಕಾವರೇ ಎಂದು ಕರೆಯುತ್ತಾರೆ. ನಾನೂ ಹುಡುಗರ ಜೊತೆ ಸೇರಿ ಕಾಕು ಎಂದೇ ಅನ್ನುತ್ತೇನೆ. ಹಸಿದವರಿಗೆ ವಯಸ್ಸಿನ ಲೆಕ್ಕ ಯಾಕೆ?

ನಾನು ಗದಗಿನವಳು. ಕೋರ್ಟಿನ ಕಾಗದಪತ್ರಗಳನ್ನು ಅನುವಾದ ಮಾಡುವುದು ನನ್ನ ಕಸುಬು. ವಾಟ್ನಿಪತ್ರ (ಆಸ್ತಿ ಪಾಲು ಮಾಡಿದ ಪತ್ರ), ಖರೀದಿಪತ್ರ, ಪಂಚನಾಮೆ, ಮೃತ್ಯುಪತ್ರ ಎಲ್ಲವೂ ನನ್ನ ಕೈಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳುತ್ತವೆ. 2008ರಲ್ಲಿ ಹೈಕೋರ್ಟಿನ ಪೀಠ ಧಾರವಾಡಕ್ಕೆ ಬಂದ ಮೇಲೆ ಈ ಕೆಲಸಕ್ಕೆ ಬರಗಾಲವಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಶುಕ್ರವಾರ ಸಂಜೆ ಮರಳುತ್ತೇನೆ. ಐವತ್ತೆರಡನೆಯ ವಯಸ್ಸಿನಲ್ಲಿ ಬಾಡಿಗೆ ಕೋಣೆಯಲ್ಲಿ ಒಬ್ಬಳಿಗಾಗಿ ಒಲೆ ಹಚ್ಚುವ ಉಮೇದು ಇರಲಿಲ್ಲ, ಮೆಸ್ ಹಚ್ಚಿದೆ. ನಮ್ಮ ಕಡೆ ಮೆಸ್ಸಿಗೆ ಸೇರುವುದಿಲ್ಲ, ಮೆಸ್ ಹಚ್ಚುತ್ತೇವೆ. ದೀಪ, ಕುಂಕುಮ, ಡಬ್ಬಿ, ಮೆಸ್ಸು, ಎಲ್ಲಕ್ಕೂ ಒಂದೇ ಕ್ರಿಯಾಪದ.

ಕಳೆದ ತಿಂಗಳು ಹೊಸದಾಗಿ ಬಂದ ಹುಡುಗನೊಬ್ಬ ಕಾಕುಗೆ ಜ್ಞಾನ ಹಂಚಿ ಹೋದ. ಇಂಗ್ಲಿಷಿನಲ್ಲಿ ಮೆಸ್ ಎಂದರೆ ಹೊಲಸು ಎಂದು ಹೇಳಿ, ಮೊಬೈಲಿನಲ್ಲಿ ತೆಗೆದು ತೋರಿಸಿಯೂ ಬಿಟ್ಟನಂತೆ. ಮರುದಿನ ನಾನು ತಾಟಿನ ಮುಂದೆ ಕೂಡುವಷ್ಟರಲ್ಲಿ ಕಾಕು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

“ಅಕ್ಕಾವರೇ, ನೀವು ಇಂಗ್ಲಿಷ್ ಕಲಿತವರು. ಹನ್ನೊಂದು ವರ್ಷದಿಂದ ಬಾಗಿಲ ಮೇಲೆ ಹೊಲಸು ಎಂದು ಬರೆಸಿಕೊಂಡು ಕುಳಿತಿದ್ದೇನೆಯೇ?”

ಬೋರ್ಡ್ ಬರೆಯುವವನನ್ನು ಆಗಲೇ ವಿಚಾರಿಸಿಯಾಗಿತ್ತು. ‘ಫುಡ್ ಪಾಯಿಂಟ್’ ಎಂದು ಬರೆದರೆ ಚಂದ ಕಾಣುತ್ತದೆ ಎಂದು ಅವನ ಸಲಹೆ. ಅದನ್ನು ಕೇಳಿದ ಮೇಲೆ ಸುಮ್ಮನಿರಲು ನನಗೆ ಆಗಲಿಲ್ಲ. ಅಷ್ಟಕ್ಕೂ ಈ ಪದದ ಜೊತೆ ನನ್ನದೊಂದು ಹಳೆಯ ಬಾಕಿ ಇತ್ತು. ಎರಡು ವರ್ಷದ ಹಿಂದೆ ತೀರಿಹೋದ ಸೈನಿಕನೊಬ್ಬನ ವಾರಸಾ ದಾವೆಯ ಕಾಗದಗಳು ನನ್ನ ಬಳಿ ಬಂದವು. ಅನುವಾದ ಬೇರೆ ಯಾರೋ ಮಾಡಿದ್ದರು, ತಿದ್ದುವ ಕೆಲಸ ನನ್ನದು. ರೆಜಿಮೆಂಟಿನ ಲೆಕ್ಕದಲ್ಲಿ ಮೆಸ್ಸಿನ ಬಾಕಿ 1,840 ರೂಪಾಯಿ ಎಂದು ಇಂಗ್ಲಿಷಿನಲ್ಲಿತ್ತು. ಕನ್ನಡದ ಪ್ರತಿಯಲ್ಲಿ ಅದು ‘ಮೃತರ ಅವ್ಯವಸ್ಥೆಯ ಬಾಕಿ 1,840 ರೂಪಾಯಿ’ ಎಂದಾಗಿತ್ತು. ಓದಿ ಜೋರಾಗಿ ನಕ್ಕೆ. ಪುಟದ ಕೆಳಗೆ ಅವನ ಹೆಂಡತಿಯ ಸಹಿ ಇತ್ತು. ಅದನ್ನು ನೋಡಿದ ಮೇಲೆ ನಗು ನಿಂತಿತು.

ಪದದ ಮಾತು ಆಮೇಲೆ, ಮೊದಲು ಊಟದ್ದು ಹೇಳುತ್ತೇನೆ.

ಎರಡು ಹೊತ್ತಿನ ಊಟಕ್ಕೆ ತಿಂಗಳಿಗೆ 3,000 ರೂಪಾಯಿ, ಬಿಡಿ ಊಟಕ್ಕೆ 70. ನನ್ನಂತೆ ವಾರಕ್ಕೆ ಐದೇ ದಿನ ಇರುವವರಿಗೆ 2,200. ಚಪಾತಿಯಾದರೆ ಮೂರು ಎಂಬ ಲೆಕ್ಕವಿದೆ, ರೊಟ್ಟಿಗೆ ಲೆಕ್ಕವಿಲ್ಲ. ಒಂದು ಕಾಳಿನ ಪಲ್ಯ, ಒಂದು ಕಾಯಿಪಲ್ಯ ಅಥವಾ ಸೊಪ್ಪು, ಅನ್ನ, ಸಾರು, ಮಜ್ಜಿಗೆ. ತಾಟಿನ ಅಂಚಿಗೆ ಶೇಂಗಾ ಹಿಂಡಿಯೋ ಗುರೆಳ್ಳು ಹಿಂಡಿಯೋ ಇದ್ದೇ ಇರುತ್ತದೆ. ಬುಧವಾರ ಝುಣಕ. ಬದನೆಕಾಯಿ ಎಣಗಾಯಿ ಯಾವ ದಿನ ಎಂದು ಹೇಳುವುದಿಲ್ಲ. ಸಂತೆಯಲ್ಲಿ ಎಳೆಯ ಕಾಯಿ ಸಿಕ್ಕ ದಿನ. ಸಿಗದಿದ್ದರೆ ಬಲಿತ ಕಾಯಿ ತಂದು ಮರ್ಯಾದೆ ಕಳೆದುಕೊಳ್ಳುವುದಕ್ಕಿಂತ ಮಾಡದಿರುವುದೇ ಮೇಲು ಎಂಬುದು ಕಾಕುವಿನ ನಿಲುವು. ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕಿ, ಬೆಳ್ಳುಳ್ಳಿಯನ್ನು ಸುಲಿಯದೆ ಜಜ್ಜಿ ಒಗ್ಗರಣೆ ಕೊಡುತ್ತಾರೆ. ಗದಗಿನ ನನ್ನ ಮನೆಯಲ್ಲಿ ಸುಲಿದೇ ಹಾಕುತ್ತೇವೆ. ಇವರದೇ ಸರಿ ಎಂದು ಈಗ ನನಗೆ ಅನುಮಾನ ಬಂದಿದೆ, ಮನೆಯಲ್ಲಿ ಹೇಳಿಲ್ಲ.

ರೊಟ್ಟಿಯ ಬಗ್ಗೆ ಎರಡು ಮಾತು ಹೆಚ್ಚು ಬೇಕು. ಅಡುಗೆಮನೆಯ ಬಾಗಿಲಿಗೆ ಪರದೆ ಇಲ್ಲ, ನಾನು ಕೂಡುವ ಜಾಗದಿಂದ ಎಲ್ಲ ಕಾಣುತ್ತದೆ. ಪರಾತದಲ್ಲಿ ಜೋಳದ ಹಿಟ್ಟು, ನಡುವೆ ಗುಂಡಿ, ಗುಂಡಿಗೆ ಕುದಿಯುವ ಎಸರು. ಕೈ ಸುಡುವಷ್ಟು ಹೊತ್ತು ಸೌಟಿನಲ್ಲಿ, ಆಮೇಲೆ ಅಂಗೈಯ ಬುಡದಿಂದ ನಾದುತ್ತಾರೆ. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಬಡಿಯಲು ಶುರುಮಾಡಿದಾಗ ಸಪ್ಪಳ ದಪ್ಪಗಿರುತ್ತದೆ. ರೊಟ್ಟಿ ತೆಳುವಾದಂತೆ ಸಪ್ಪಳವೂ ತೆಳುವಾಗುತ್ತ, ಬೇಗ ಬೇಗ ಬರುತ್ತ, ತಟ್ಟನೆ ನಿಲ್ಲುತ್ತದೆ. ಆಗ ರೊಟ್ಟಿ ಗಾಳಿಯಲ್ಲಿರುತ್ತದೆ. ಹಂಚಿನ ಮೇಲೆ ಬಿದ್ದೊಡನೆ ಒದ್ದೆ ಬಟ್ಟೆಯಿಂದ ಮೈ ಒರೆಸಿ, ತಿರುವಿ, ಕೊನೆಗೆ ಉರಿಯ ಮುಂದೆ ನಿಲ್ಲಿಸುತ್ತಾರೆ. ಉಬ್ಬಿತು ಎಂದರೆ ಬಡಿಸುವ ಹುಡುಗ ಅದನ್ನು ಎತ್ತಿಕೊಂಡು ಮೂರು ಮಾರು ದೂರದಿಂದಲೇ ತಾಟಿಗೆ ಎಸೆಯುತ್ತಾನೆ. ಏಳು ತಿಂಗಳಲ್ಲಿ ಒಂದೇ ಸಲ ಗುರಿ ತಪ್ಪಿದ್ದು, ಅದೂ ನನ್ನ ಮಜ್ಜಿಗೆಯ ವಾಟಗಕ್ಕೆ.

ಕಡಪಾ ಕಲ್ಲಿನ ಆರು ಮೇಜುಗಳಿವೆ, ಒಂದೊಂದಕ್ಕೂ ನಾಲ್ಕು ಸ್ಟೂಲು. ನಮ್ಮ ಮೇಜಿನಲ್ಲಿ ಮೂವರು ಹುಡುಗರು: ಮುಂಡರಗಿಯವನು ಪಿಎಸ್‌ಐ ಪರೀಕ್ಷೆಗೆ, ಶಿಗ್ಗಾವಿಯವನು ಬ್ಯಾಂಕಿಗೆ, ಕುಷ್ಟಗಿಯವನು ಕೆಎಎಸ್‌ಗೆ ಓದುತ್ತಿದ್ದಾರೆ. ಸಪ್ತಾಪುರ ಇರುವುದೇ ಇಂಥವರಿಂದ. ತಂಬಿಗೆಗೆ ಮೊಬೈಲ್ ಆನಿಸಿಟ್ಟು ಪ್ರಚಲಿತ ವಿದ್ಯಮಾನ ನೋಡುತ್ತ ಉಣ್ಣುತ್ತಾರೆ. ನಾಲ್ಕನೆಯವಳು ನಾನು. ಮೊದಲ ವಾರ ಆ ಮೂವರೂ ಶಿಕ್ಷಕಿಯ ಮುಂದೆ ಕುಳಿತವರಂತೆ ತಲೆ ಎತ್ತದೆ ಉಂಡರು. ಈಗ ನನ್ನ ತಾಟಿನ ಮೂಲಂಗಿಗೆ ಕೇಳದೆಯೇ ಕೈ ಹಾಕುತ್ತಾರೆ.

ಕಾಕುವಿನ ಪ್ರಶ್ನೆಗೆ ಉತ್ತರವನ್ನು ಈ ಮೇಜಿನಲ್ಲೇ, ಒಂದು ವಾರ ಕಂತುಕಂತಾಗಿ ಹೇಳಿದೆ. ಮೆಸ್ ಎಂಬುದು ಹುಟ್ಟಿನಿಂದ ಊಟದ ಪದ. ಲ್ಯಾಟಿನ್ ಭಾಷೆಯಲ್ಲಿ ‘ಮಿಟ್ಟೆರೆ’ ಎಂದರೆ ಕಳಿಸು. ಬರುಬರುತ್ತ ಅದಕ್ಕೆ ಇಡು ಎಂಬ ಅರ್ಥವೂ ಸೇರಿತು. ಅಡುಗೆಮನೆಯಿಂದ ಕಳಿಸಿದ್ದು, ಉಣ್ಣುವವರ ಮುಂದೆ ಇಟ್ಟದ್ದು ‘ಮಿಸ್ಸುಂ’. ಹಳೆಯ ಫ್ರೆಂಚಿನವರ ಬಾಯಲ್ಲಿ ಅದು ‘ಮೆಸ್’ ಆಗಿ, 1300ರ ಸುಮಾರಿಗೆ ಇಂಗ್ಲಿಷಿಗೆ ಬಂತು. ಅರ್ಥ, ಒಂದು ಸಲಕ್ಕೆ ಒಬ್ಬರ ಮುಂದೆ ಬಡಿಸಿಟ್ಟ ಪಾಲು. ಇಷ್ಟು ಹೇಳಿ, ಇದಕ್ಕೆ ಕನ್ನಡದಲ್ಲಿ ಏನನ್ನಬಹುದು ಎಂದು ನಾನು ಪದ ಹುಡುಕುತ್ತಿದ್ದೆ.

“ಎಡೆ ಅನ್ನಿ” ಎಂದರು ಕಾಕು, ಹಂಚಿನ ಕಡೆಯಿಂದ ಮುಖ ತಿರುಗಿಸದೆ.

ಇಪ್ಪತ್ತೆರಡು ವರ್ಷ ಅನುವಾದ ಮಾಡಿದವಳಿಗೆ ಹೊಳೆಯದ ಪದ! ಎಡೆ ಎಂದರೆ ಜಾಗ. ಆ ಜಾಗದಲ್ಲಿ ದೇವರಿಗೋ ಹಿರಿಯರಿಗೋ ಜಂಗಮರಿಗೋ ಬಡಿಸಿಟ್ಟದ್ದೂ ಎಡೆ. ಇಡುವ ಕ್ರಿಯೆ ಇಟ್ಟ ಅನ್ನದ ಹೆಸರಾಯಿತು ಅಲ್ಲಿ, ಇಡುವ ಜಾಗ ಇಟ್ಟ ಅನ್ನದ ಹೆಸರಾಯಿತು ಇಲ್ಲಿ. ಆ ದಿನ ಎರಡು ರೊಟ್ಟಿ ಹೆಚ್ಚು ಉಂಡೆ.

ಬೈಬಲ್ಲಿನ 1611ರ ಇಂಗ್ಲಿಷ್ ಅನುವಾದದಲ್ಲಿ ಈ ಅರ್ಥ ಹಾಗೆಯೇ ಉಳಿದಿದೆ. ಈಜಿಪ್ಟಿನಲ್ಲಿ ದೊಡ್ಡ ಅಧಿಕಾರಿಯಾದ ಯೋಸೇಫ, ತನ್ನನ್ನು ಗುರುತಿಸದ ಅಣ್ಣತಮ್ಮಂದಿರನ್ನು ಊಟಕ್ಕೆ ಕೂಡಿಸಿ, ತನ್ನ ಮುಂದಿನಿಂದ ಅವರಿಗೆ ಮೆಸ್ ಕಳಿಸುತ್ತಾನೆ. ಕಿರಿಯ ಬೆನ್ಯಾಮೀನನ ಮೆಸ್ ಉಳಿದವರಿಗಿಂತ ಐದು ಪಟ್ಟು. ಇದನ್ನು ಕೇಳಿ ಮುಂಡರಗಿಯವನು ಕುಷ್ಟಗಿಯವನ ತಾಟು ನೋಡಿದ. ಮೂರನೆಯ ಸಲ ಪರೀಕ್ಷೆ ಕಟ್ಟಿರುವ ಆ ಸಣಕಲ ಹುಡುಗನಿಗೆ ಕಾಕು ಪಲ್ಯ ಬಡಿಸುವಾಗ ಸೌಟು ಯಾವಾಗಲೂ ಒಂದು ಕ್ಷಣ ಹೆಚ್ಚು ಬಾಗುತ್ತದೆ, ಅದು ಮೇಜಿನಲ್ಲಿ ಎಲ್ಲರಿಗೂ ಗೊತ್ತು.

ಅದೇ ಗ್ರಂಥದ ಇನ್ನೊಂದು ಕಥೆಯಲ್ಲಿ ಏಸಾವ ಎಂಬ ಹಿರಿಮಗ, ಹೊಲದಿಂದ ಹಸಿದು ಬಂದವನು, ಒಂದು ಹೊತ್ತಿನ ಬೇಳೆಯ ಅಡುಗೆಗಾಗಿ ತನ್ನ ಜ್ಯೇಷ್ಠಾಧಿಕಾರವನ್ನು ತಮ್ಮನಿಗೆ ಮಾರಿಬಿಡುತ್ತಾನೆ. ಚಿಲ್ಲರೆ ಲಾಭಕ್ಕೆ ದೊಡ್ಡದನ್ನು ಕಳೆದುಕೊಂಡವರ ಬಗ್ಗೆ ಇಂಗ್ಲಿಷರು ಇಂದಿಗೂ ‘ಒಂದು ಮೆಸ್ ಅಂಬಲಿಗೆ ಮಾರಿಕೊಂಡ’ ಎನ್ನುತ್ತಾರೆ. ತಮಾಷೆಯೆಂದರೆ 1611ರ ಪಾಠದಲ್ಲಿ ಆ ಕಥೆಯೊಳಗೆ ಮೆಸ್ ಎಂಬ ಪದವೇ ಇಲ್ಲ. ಅದಕ್ಕಿಂತ ಮುಂಚಿನ 16ನೆಯ ಶತಮಾನದ ಬೈಬಲ್ಲುಗಳಲ್ಲಿ ಅಧ್ಯಾಯದ ತಲೆಬರಹವಾಗಿತ್ತು, ಜನ ತಲೆಬರಹವನ್ನೇ ನೆನಪಿಟ್ಟರು. ವಾಟ್ನಿ ದಾವೆಗಳ ನಡುವೆ ಬದುಕುವ ನನಗೆ ಏಸಾವನ ಮೇಲೆ ಸಿಟ್ಟಿಲ್ಲ. ನಾಲ್ಕು ಗುಂಟೆಗಾಗಿ ಮೂವತ್ತು ವರ್ಷ ಕೋರ್ಟಿಗೆ ಅಲೆದವರಿಗಿಂತ ಅವನು ಬಿಸಿಬಿಸಿಯಾಗಿ ಉಂಡನಲ್ಲ!

ಪಾಲಿನಿಂದ ಪದ ಪಂಗತಿಗೆ ದಾಟಿತು. 15ನೆಯ ಶತಮಾನದ ಹೊತ್ತಿಗೆ ಒಂದೇ ಬೋಗುಣಿಯಿಂದ ಹಂಚಿಕೊಂಡು ಉಣ್ಣುವ ಗುಂಪಿಗೂ ಮೆಸ್ ಎನ್ನತೊಡಗಿದ್ದರು. ಆ ಗುಂಪು ಬಹುತೇಕ ನಾಲ್ವರದು. ಮೆಸ್ ಎಂದರೆ ನಾಲ್ಕು ಎಂಬ ಅರ್ಥವೇ ಕೆಲ ಕಾಲ ಓಡಾಡಿತು. ಲಂಡನ್ನಿನ ಬ್ಯಾರಿಸ್ಟರುಗಳ ಹಳೆಯ ಸಂಸ್ಥೆಗಳಲ್ಲಿ ನಾಲ್ಕು ನಾಲ್ಕು ಜನರ ಮೆಸ್ ಆಗಿ ಊಟಕ್ಕೆ ಕೂಡುವುದು ಇಂದಿಗೂ ನಡೆದುಬಂದ ಸಂಪ್ರದಾಯ. ನಾನು ಸ್ಟೂಲುಗಳನ್ನು ಎಣಿಸಿ ತೋರಿಸಿದೆ. ಕಾಕು ಹನ್ನೊಂದು ವರ್ಷದ ಹಿಂದೆ ಕಲ್ಲು ಕೊಯ್ಸುವಾಗ ಲಂಡನ್ನಿನ ವಕೀಲರನ್ನು ಕೇಳಿರಲಿಲ್ಲ, ಕೋಣೆಯ ಅಗಲ ಅಷ್ಟೇ ಇತ್ತು.

ಯುದ್ಧನೌಕೆಗಳಲ್ಲಿ ತೋಪುಗಳ ನಡುವೆ ಹಲಗೆ ಇಳಿಬಿಟ್ಟುಕೊಂಡು ಉಣ್ಣುವ ನಾವಿಕರ ತಂಡವೂ ಮೆಸ್ಸೇ. ಇಂಗ್ಲಿಷರ ಸೈನ್ಯದ ಮೆಸ್ಸು ನಮ್ಮ ದಂಡುಪ್ರದೇಶಗಳಿಗೆ ಬಂದು, ಹಾಸ್ಟೆಲ್ಲುಗಳಿಗೆ ಇಳಿದು, ಕಲ್ಕತ್ತೆಯಲ್ಲಿ ಮೆಸ್‌ಬಾಡಿ (ಮೆಸ್ ಮನೆ) ಆಗಿ, ತಮಿಳುನಾಡಿನಲ್ಲಿ ಹೋಟೆಲುಗಳ ಹೆಸರಿನ ಬಾಲವಾಗಿ, ನಮ್ಮಲ್ಲಿ ಖಾನಾವಳಿಯ ಪಕ್ಕದಲ್ಲಿ ಕುಳಿತುಕೊಂಡಿತು. ಖಾನಾವಳಿಯೂ ಮರಾಠಿಯಿಂದ ಬಂದ ನೆಂಟನೇ. ಧಾರವಾಡದವರು ಇಬ್ಬರನ್ನೂ ಇಟ್ಟುಕೊಂಡಿದ್ದಾರೆ: ಬಂದು ಉಂಡು ದುಡ್ಡು ಕೊಟ್ಟು ಹೋದರೆ ಖಾನಾವಳಿ, ತಿಂಗಳ ಲೆಕ್ಕವಿದ್ದರೆ ಮೆಸ್.

ಹಡಗಿನ ಮಾತು ಬಂದಾಗ ಅಮಾವಾಸ್ಯೆ. ನಾಲ್ವರಿಗೂ ಬಡಿಸಿದ ಮೇಲೆ ನಮ್ಮ ಮೇಜಿನಲ್ಲಿ ಒಂದೇ ಒಂದು ಹೋಳಿಗೆ ಉಳಿಯಿತು. ಅದನ್ನು ಹಂಚಲು ಹಡಗಿನದೇ ಒಂದು ಕಥೆ ಹೇಳಿದೆ. 1789ರಲ್ಲಿ ಬೌಂಟಿ ಎಂಬ ಇಂಗ್ಲಿಷ್ ಹಡಗಿನಲ್ಲಿ ದಂಗೆ ಎದ್ದವರು ಕ್ಯಾಪ್ಟನ್ ಬ್ಲೈಯನ್ನೂ ಅವನ ಕಡೆಯವರನ್ನೂ ತೆರೆದ ದೋಣಿಯಲ್ಲಿ ಬಿಟ್ಟರು. ಹದಿನೆಂಟು ಜನರ ನಡುವೆ ಒಂದು ಕಡಲಹಕ್ಕಿ ಸಿಕ್ಕರೆ ಹಂಚುವುದು ಹೇಗೆ? ಪಾಲು ಮಾಡಿ, ಒಬ್ಬನನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಇನ್ನೊಬ್ಬ ಒಂದು ಪಾಲನ್ನು ಬೆರಳಿನಿಂದ ತೋರಿಸಿ ‘ಇದು ಯಾರಿಗೆ’ ಎಂದು ಕೇಳುವನು. ಕಾಣದವನು ಹೇಳಿದ ಹೆಸರಿಗೆ ಆ ಪಾಲು. ನಾವೂ ಹೋಳಿಗೆಯನ್ನು ನಾಲ್ಕು ಮಾಡಿದೆವು. ಒಂದು ಚೂರಿಗೆ ಹೂರಣ ಜಾಸ್ತಿ, ಒಂದು ಬರೀ ಅಂಚು. ಶಿಗ್ಗಾವಿಯವನು ಗೋಡೆಗೆ ಮುಖ ಮಾಡಿ ನಿಂತ. ಹೂರಣದ ಚೂರನ್ನು ತೋರಿಸಿ ‘ಇದು ಯಾರಿಗೆ’ ಎಂದಾಗ ‘ಮೇಡಂಗೆ’ ಎಂದ. ಗೋಡೆಯ ಮೇಲೆ ಕೈ ತೊಳೆಯುವಲ್ಲಿನ ಕನ್ನಡಿ ಇದ್ದದ್ದು ನನಗೆ ಮರುದಿನ ಗಮನಕ್ಕೆ ಬಂತು.

ಹಾಗಿದ್ದರೆ ಹೊಲಸು ಎಲ್ಲಿಂದ ಬಂತು? ಅದೂ ಅಡುಗೆಯಿಂದಲೇ. ನೀರುನೀರಾದ, ಎಲ್ಲ ಕಲಸಿದ ಊಟಕ್ಕೆ ಮೆಸ್ ಎಂದರು. 18ನೆಯ ಶತಮಾನದಲ್ಲಿ ದನ, ಹಂದಿಗಳಿಗೆ ಹಾಕುವ ಕಲಸಿಗೂ ಎಂದರು. 19ನೆಯ ಶತಮಾನದ ಮೊದಲರ್ಧದಲ್ಲಿ ಊಟ ಕಳಚಿಹೋಗಿ ಬರೀ ಕಲಸಾಟ ಉಳಿಯಿತು: ಗೊಂದಲ, ಪೇಚು, ಆಮೇಲೆ ಗಲೀಜು. ಏಳು ನೂರು ವರ್ಷದ ಆಯುಷ್ಯವಿರುವ ಪದಕ್ಕೆ ಇದು ತೀರ ಈಚಿನ ಕಲೆ. ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ಈಗಲೂ ‘ಒಂದು ಮೆಸ್ ಸೊಪ್ಪು’ ಎಂದರೆ ಮನೆಮಂದಿಗೆ ಒಂದು ಹೊತ್ತಿಗೆ ಸಾಕಾಗುವಷ್ಟು ಸೊಪ್ಪು.

ನಗುವ ಹಕ್ಕು ಕನ್ನಡಕ್ಕೂ ಇಲ್ಲ. ‘ಎಲ್ಲ ಕಲಸುಮೇಲೋಗರವಾಯಿತು’ ಎಂದು ಪತ್ರಿಕೆಗಳು ದಿನಕ್ಕೊಂದು ಸಲ ಬರೆಯುತ್ತವೆ. ಓಗರ ಎಂದರೆ ಅನ್ನ, ಪುಳಿಯೋಗರೆಯಲ್ಲಿ ಇರುವುದು ಅದೇ. ಅದರ ಮೇಲೆ ಹಾಕಿಕೊಳ್ಳುವುದು ಮೇಲೋಗರ. ಎರಡನ್ನೂ ಕಲಸಿದರೆ ಸೊಗಸಾದ ತುತ್ತಾಗಬೇಕಿತ್ತು, ನಮಗೂ ಅದು ಅವ್ಯವಸ್ಥೆಯಾಗಿಯೇ ಕಂಡಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಒಂದೇ ತಾಟಿನಲ್ಲಿ ಕೈಯಾಡಿಸಿ ಒಂದೇ ಬೈಗುಳ ಕಲಿತಿವೆ. ಕಾಕುಗೆ ಈ ಮಾತು ಹಿಡಿಸಿತು. ಇಡೀ ವಾರದ ಪಾಠದಲ್ಲಿ ಅವರಿಗೆ ಉಳಿದದ್ದು ಇದೊಂದೇ ಎಂದು ಕಾಣುತ್ತದೆ. ಈಗ ತಟ್ಟೆಯಲ್ಲಿ ಅನ್ನ ಬಿಟ್ಟವರಿಗೆ “ಕಲಸುಮೇಲೋಗರ ಮಾಡಿ ಬಿಡಬೇಡಿ” ಎನ್ನುತ್ತಾರೆ.

ಹುಡುಗರಿಗೆ ಹಿಡಿಸಿದ್ದು ಬೇರೆ. ಮಿಟ್ಟೆರೆಯ ಮಕ್ಕಳೆಲ್ಲ ಕೋರ್ಟಿನಲ್ಲಿ, ಪರೀಕ್ಷೆಯಲ್ಲಿ ತುಂಬಿಕೊಂಡಿವೆ: ಅಡ್ಮಿಟ್, ಪರ್ಮಿಟ್, ಸಬ್‌ಮಿಟ್, ಕಮಿಷನ್, ಡಿಸ್ಮಿಸ್. ದಿನವಿಡೀ ನಾನು ‘ಅರ್ಜಿ ವಜಾ’ ಎಂದು ಬರೆಯುವ ಡಿಸ್ಮಿಸ್ಸಿಗೂ, ಸಂಜೆ ಉಣ್ಣುವ ಮೆಸ್ಸಿಗೂ ಒಂದೇ ಮನೆತನ. ಮೆಸೇಜ್ ಅದೇ, ಮಿಸೈಲ್ ಕೂಡ ಅದೇ. ಇದನ್ನು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಬಡಿಸುವ ಹುಡುಗ ಎಸೆದ ರೊಟ್ಟಿ ನಮ್ಮ ತಲೆಗಳ ನಡುವಿನಿಂದ ಬಂದು ತಾಟಿಗೆ ಬಿತ್ತು. ಅಂದಿನಿಂದ ಅವನ ಹೆಸರು ಅಗ್ನಿ.

ಇಷ್ಟು ಹೊಗಳಿದ ಮೇಲೆ ಕುಂದುಗಳನ್ನೂ ಹೇಳಬೇಕು. ಗುರುವಾರದ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕು. ಏಸಾವ ಅದಕ್ಕೆ ಒಂದು ಸೈಕಲ್ಲನ್ನೂ ಕೊಡುತ್ತಿರಲಿಲ್ಲ. ರಾತ್ರಿ ಎಂಟೂವರೆಗೆ ಹೋದರೆ ಬಾಗಿಲಿನಾಚೆಗೂ ಸರದಿ, ಎಂಟರೊಳಗೆ ಹೋಗಿ. ಕೈ ತೊಳೆಯುವ ನಳ ಒಂದೇ, ಅದೂ ಬೇಸಿಗೆಯಲ್ಲಿ ಬಾಯಿ ಬಿಡುವುದಿಲ್ಲ, ಬಕೆಟ್ಟಿನಿಂದ ಎತ್ತಿಕೊಳ್ಳಬೇಕು. ಇನ್ನೊಂದು, ಒಳಗೆ ಕುಳಿತು ಉಣ್ಣುವ ಹೆಂಗಸು ನಾನೊಬ್ಬಳೇ. ಓಣಿಯ ಪಿಜಿಗಳಲ್ಲಿ ಇಷ್ಟೊಂದು ಹುಡುಗಿಯರಿದ್ದಾರೆ, ಎಲ್ಲರೂ ಡಬ್ಬಿ ಒಯ್ಯುತ್ತಾರೆ. ಬಿಸಿ ರೊಟ್ಟಿ ಡಬ್ಬಿಯಲ್ಲಿ ಬೆವರಿ ಮೆತ್ತಗಾಗುತ್ತದೆ. ಬನ್ನಿ, ಇಲ್ಲೇ ಕುಳಿತು ಉಣ್ಣಿ ಎಂದು ಇಬ್ಬರಿಗೆ ಹೇಳಿದೆ. ಒಬ್ಬಳು ಎರಡು ದಿನ ಬಂದಳು, ಮೂರನೆಯ ದಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಂದು ಮೇಜನ್ನು ಗೋಡೆಯ ಕಡೆಗೆ ತಿರುಗಿಸಿಟ್ಟರೂ ಸಾಕು, ಕಾಕು ಮನಸ್ಸು ಮಾಡಿಲ್ಲ.

ರಜೆಯ ಲೆಕ್ಕದ ಬಗ್ಗೆ ಎಚ್ಚರವಿರಲಿ. ಬೆಳಿಗ್ಗೆ ಒಂಬತ್ತರೊಳಗೆ ಹೇಳಿದರೆ ಆ ದಿನದ ಊಟ ಕಾರ್ಡಿನಿಂದ ಹೊಡೆಯುವುದಿಲ್ಲ ಎಂಬುದು ನಿಯಮ. ಶ್ರಾವಣದಲ್ಲಿ ಎರಡು ದಿನ ಊರಿಗೆ ಹೋಗುವಾಗ ನಾನು ಅಗ್ನಿಗೆ ಹೇಳಿ ಹೋದೆ. ಅವನು ಹೂಂ ಎಂದ, ಮರೆತ. ನಾಲ್ಕು ಊಟ ಹೋದವು. ಕೇಳಿದರೆ ಕಾಕು, ನನಗೆ ಹೇಳಿದ್ದರೆ ಹೇಳಿದ ಹಾಗೆ, ಹುಡುಗನಿಗೆ ಹೇಳಿದರೆ ಹೇಳದ ಹಾಗೆ ಎಂದರು. ಕೋರ್ಟಿನಲ್ಲಿ ಇಂಥ ವಾದ ಕೇಳಿದ್ದೇನೆ, ಗೆದ್ದದ್ದನ್ನೂ ನೋಡಿದ್ದೇನೆ.

ಬೋರ್ಡ್ ಬರೆಯುವವನು ಕಳೆದ ಮಂಗಳವಾರ ಬಂದ. ಅದೇ ಹಳದಿ ತಗಡಿಗೆ ಹೊಸ ಬಣ್ಣ, ಮೇಲೆ ಅದೇ ಎರಡು ಅಕ್ಷರ ‘ಮೆಸ್’. ಫುಡ್ ಪಾಯಿಂಟ್ ಆ ಓಣಿಗೆ ಬರಲಿಲ್ಲ. ಕೆಳಗೆ ಹೊಸದಾಗಿ ಒಂದು ಸಾಲು ಸೇರಿದೆ: ‘ರಜೆ ಇದ್ದವರು ಒಳಗೆ ಬಂದು ಹೇಳಬೇಕು’. ನನ್ನ ನಾಲ್ಕು ಊಟ ಇನ್ನೂ ಕಾರ್ಡಿಗೆ ಮರಳಿಲ್ಲ.